ಬಾವಿಯ ವರದಿಗೆ ಮೂವತ್ತನಾಲ್ಕು ಅಂಕ

2002ನೇ ಇಸವಿ, ಆಗಸ್ಟ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ, ಅರಕಲಗೂಡು ಬಸ್ ನಿಲ್ದಾಣದ ಹಿಂದಿನ ಬ್ರೌಸಿಂಗ್ ಸೆಂಟರ್. ಹಾಜರಿದ್ದವರು ಮೂವರು: ಸೆಂಟರ್ ನಡೆಸುತ್ತಿದ್ದ ಹೆಂಗಸು, ಕೊಣನೂರು ಹೋಬಳಿಯ ಒಂದು ಗ್ರಾಮ ಪಂಚಾಯಿತಿಯ ಅಧ್ಯಕ್ಷೆ, ಮತ್ತು ರಸಾಯನಶಾಸ್ತ್ರದ ಅಧ್ಯಾಪಕನಾಗಿದ್ದು ಹಿಂದಿನ ವರ್ಷವಷ್ಟೇ ನಿವೃತ್ತನಾಗಿದ್ದ ನಾನು.

ಮಧ್ಯಾಹ್ನ ಮೂರಕ್ಕೆ ಅಧ್ಯಕ್ಷೆಯ ಊರಿನಲ್ಲಿ ಗ್ರಾಮಸಭೆ. ಅವರು ಹುಟ್ಟಿ ಬೆಳೆದ ಕೇರಿಯ ಬಾವಿಯನ್ನು ಮುಚ್ಚಬೇಕೇ ಬೇಡವೇ ಎಂಬುದು ಸಭೆಯ ಮುಂದಿದ್ದ ವಿಷಯ. ಬಾವಿಯ ನೀರಿನಲ್ಲಿ ನೈಟ್ರೇಟ್ ಹೆಚ್ಚಿದೆ, ಕುಡಿಯಲು ಯೋಗ್ಯವಲ್ಲ ಎಂದು ಒಂದು ವರದಿ ಬಂದಿತ್ತು. ಮುಚ್ಚಿದ ಜಾಗದಲ್ಲಿ ಬಸ್ ತಂಗುದಾಣ ಕಟ್ಟುವ ಮಾತೂ ನಡೆದಿತ್ತು. ಬಾವಿ ತುಂಬುವುದಕ್ಕೆಂದು ಟ್ರ್ಯಾಕ್ಟರಿನಲ್ಲಿ ತಂದ ಮಣ್ಣು ಆಗಲೇ ಕಟ್ಟೆಯ ಪಕ್ಕದಲ್ಲಿ ಗುಡ್ಡೆ ಬಿದ್ದಿತ್ತು. ಬಾವಿ ಹೋದರೆ ಕೇರಿಯ ಹೆಂಗಸರು ಬಿಂದಿಗೆ ಹೊತ್ತು ದೊಡ್ಡ ಬೀದಿಯ ನಲ್ಲಿಗೆ ಹೋಗಬೇಕು. ಅಲ್ಲಿ ತಮ್ಮ ಸರದಿ ಯಾವಾಗ ಬರುತ್ತದೆ ಎಂಬುದನ್ನು ಆ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಧ್ಯಕ್ಷೆಗೆ ಆಗ ಮೂವತ್ತೈದರ ಆಸುಪಾಸು. ಹಿಂದಿನ ತಿಂಗಳು ನಮ್ಮ ಮನೆಗೆ ಬಂದು, ಕೊಟ್ಟ ಕುರ್ಚಿಯಲ್ಲಿ ಅರ್ಧ ಮಾತ್ರ ಕುಳಿತು, ವಿಷಯವನ್ನು ಎರಡೇ ಮಾತಿನಲ್ಲಿ ಹೇಳಿದ್ದರು.

“ಮುಚ್ಬ್ಯಾಡಿ ಅಂತ ನಾನಂದ್ರೆ ಕೇರಿ ಪಕ್ಷ ಮಾಡ್ತಾಳೆ ಅಂತಾರೆ ಸಾ. ಮುಚ್ಚಿ ಅಂದ್ರೆ ನಮ್ಮವ್ವನೇ ನನ್ ಮಕ ನೋಡಕಿಲ್ಲ. ಆ ವರ್ದಿ ದಿಟವೋ ಸುಳ್ಳೋ, ಓದ್ದೋರು ನೋಡಿ ಯೋಳ್ಬುಟ್ರೆ ನಾನು ಅಂಗೇ ನಿಂತ್ಕತೀನಿ.”

ಅವರು ನನ್ನನ್ನು ಹುಡುಕಿಕೊಂಡು ಬಂದದ್ದಕ್ಕೆ ಕಾರಣವಿತ್ತು. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಅಧ್ಯಾಪಕರು ಹಾಸನದ ಮೌಲ್ಯಮಾಪನ ಕೇಂದ್ರವೊಂದರಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆವು. ಪತ್ರಿಕೆಯಿಂದ ವಿದ್ಯಾರ್ಥಿಯ ನಂಬರಿನ ಭಾಗವನ್ನು ಹರಿದು ತೆಗೆದು ಬೇರೆ ಗುಟ್ಟಿನ ನಂಬರು ಹಾಕಿರುತ್ತಿದ್ದರು. ಬರೆದವರು ಯಾರೆಂದು ತಿದ್ದುವವರಿಗೆ ಗೊತ್ತಿಲ್ಲ, ತಿದ್ದಿದವರು ಯಾರೆಂದು ಬರೆದವರಿಗೆ ಗೊತ್ತಿಲ್ಲ. ಅನುಮಾನ ಬಂದರೆ ಇನ್ನೊಬ್ಬರು ನೋಡುತ್ತಿದ್ದರು. ಟೀ ಕುಡಿಯುವಾಗ ನಾನು ಹೇಳಿದೆ, “ಒಬ್ಬ ಹುಡುಗನ ಮೂರು ಅಂಕಕ್ಕೆ ಇಷ್ಟೆಲ್ಲ ಕಟ್ಟುನಿಟ್ಟು. ಒಂದು ಊರಿನ ಕೆರೆಗೋ ರಸ್ತೆಗೋ ಯಾರಾದರೊಬ್ಬರು ವರದಿ ಬರೆದುಕೊಟ್ಟರೆ ಅದನ್ನು ತಿದ್ದುವವರೇ ಇಲ್ಲವಲ್ಲ.”

ಹೊಳೆನರಸೀಪುರದ ಗೆಳೆಯರು ಪೆನ್ನಿನ ಕ್ಯಾಪು ಹಾಕುತ್ತಾ, “ತಿದ್ದಿದರಾಯಿತು, ಕೆಂಪು ಶಾಯಿ ಹೇಗೂ ಉಳಿಯುತ್ತೆ,” ಎಂದರು.

ಆ ಮಾತಿನಿಂದ ನಮ್ಮ ಏರ್ಪಾಡು ಹುಟ್ಟಿತು. ಪಂಚಾಯಿತಿಯವರು ಕೊಟ್ಟ ವರದಿಯಿಂದ ಬರೆದವರ ಹೆಸರು ತೆಗೆದು ನಾನು ಒಂದು ನಂಬರು ಹಾಕುವುದು. ಈಮೇಲಿನಲ್ಲಿ ಬೇರೆ ಊರುಗಳ ಮೂವರಿಗೆ ಕಳಿಸುವುದು. ಅವರು ಗುಣದೋಷ ನೋಡಿ ಪ್ರಶ್ನೆಗಳನ್ನು ಬರೆಯುವುದು. ಆ ಪ್ರಶ್ನೆಗಳನ್ನು ಜನರ ಎದುರಿಗೆ ಓದುವುದು. ತೀರ್ಮಾನ ಜನರದ್ದು. ನಾವು ಹೌದು ಎನ್ನುವ ಹಾಗಿಲ್ಲ, ಅಲ್ಲ ಎನ್ನುವ ಹಾಗೂ ಇಲ್ಲ. ನಾಲ್ಕು ಊರಿನಲ್ಲೂ ಆಗ ಒಂದೊಂದು ಬ್ರೌಸಿಂಗ್ ಸೆಂಟರಾದರೂ ತೆರೆದಿತ್ತು. ಪ್ರತಿ ಶನಿವಾರ ಒಂಬತ್ತು ಗಂಟೆಗೆ ಎಲ್ಲರೂ ಈಮೇಲ್ ತೆರೆಯಬೇಕು ಎಂದು ನಾನು ನಿಯಮ ಮಾಡಿದೆ. ನಾನು ಓದಿದ್ದು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ. ಹೊತ್ತು ಗೊತ್ತಿಲ್ಲದ ಕೆಲಸ ನನಗೆ ಕೆಲಸವೆಂದೇ ತೋರುವುದಿಲ್ಲ.

ಮೊದಲಿಗೆ ಎಡವಿದ್ದೂ ಹೊತ್ತಿನ ವಿಚಾರದಲ್ಲೇ. ದುದ್ದದ ಕಡೆ ತೆಂಗಿಗೆ ನುಸಿ ಬಿದ್ದಾಗ ಔಷಧಿಯ ವರದಿಯೊಂದನ್ನು ತಿದ್ದಿ ಕಳಿಸಿದ್ದೆವು. ಅದು ತಲುಪುವಷ್ಟರಲ್ಲಿ ಸಭೆ ಮುಗಿದು, ಔಷಧಿ ಹೊಡೆದೂ ಆಗಿತ್ತು. “ಮದ್ವೆ ಆದ್ಮೇಲೆ ಜಾತ್ಕ ತಂದವ್ರೆ ಮೇಷ್ಟ್ರು,” ಎಂದು ಅಲ್ಲಿಯವರು ನಕ್ಕಿದ್ದರು. ಈ ಸಲ ಹಾಗಾಗಬಾರದು ಎಂಬುದಕ್ಕೇ ನಾನು ಹಾಸನದಿಂದ ಮೊದಲ ಬಸ್ಸು ಹಿಡಿದು, ಅಧ್ಯಕ್ಷೆಯ ಊರಿಗೆ ಹತ್ತಿರವಾದ ಅರಕಲಗೂಡಿಗೆ ಬಂದು ಕುಳಿತಿದ್ದೆ.

ಫೋನಿನ ಲೈನು ಕೊರ್‍ರೆಂದು ಕೂಗಿ, ನಿಂತು, ಮತ್ತೆ ಕೂಗಿ, ಕೊನೆಗೂ ಸಿಕ್ಕಿತು. ಎರಡು ಪರಿಶೀಲನೆಗಳು ಬಂದಿದ್ದವು. ಅರಕಲಗೂಡಿನ ಅಧ್ಯಾಪಕರದು ಮೂರೇ ಸಾಲು: “ವಿಷಯ ನಿರೂಪಣೆ ಚೊಕ್ಕವಾಗಿದೆ. ಉಪಸಂಹಾರ ಅವಸರದ್ದು. ಎಷ್ಟು ಮಾದರಿ ಪರೀಕ್ಷಿಸಿದ್ದು?” ಹೊಳೆನರಸೀಪುರದ ಗೆಳೆಯರದ್ದನ್ನು ತೆರೆದಾಗ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಅವರು ಅಂಕ ಕೊಟ್ಟಿದ್ದರು. ನೂರಕ್ಕೆ ಮೂವತ್ತನಾಲ್ಕು. ಕೆಳಗೆ, “ಮಳೆಗಾಲವೋ ಬೇಸಿಗೆಯೋ ಬರೆದಿಲ್ಲ, ಹತ್ತು ಅಂಕ ಕಡಿತ,” ಎಂಬಂಥ ಟಿಪ್ಪಣಿಗಳು. ಪ್ರಶ್ನೆ ಬರೆಯಿರಿ ಎಂದರೆ ಮೂವತ್ತು ವರ್ಷದ ಅಭ್ಯಾಸ ಅವರ ಕೈ ಹಿಡಿದು ಅಂಕ ಬರೆಸಿತ್ತು.

ಸೆಂಟರಿನ ಹೆಂಗಸು ಬಗ್ಗಿ ನೋಡಿ, “ಪಾಸ್ ಆಗಕ್ಕೆ ಒಂದು ಕಮ್ಮಿ ಅಲ್ವಾ ಸಾರ್? ಗ್ರೇಸ್ ಕೊಡಲ್ವಾ ಅವ್ರು?” ಎಂದರು.

“ಅವರು ಸ್ವಂತ ಅಳಿಯನಿಗೂ ಕೊಟ್ಟವರಲ್ಲ,” ಎಂದೆ.

ಚನ್ನರಾಯಪಟ್ಟಣದ್ದು ಬಂದಿರಲಿಲ್ಲ. ಎಸ್‌ಟಿಡಿ ಬೂತಿನಿಂದ ಅವರ ಮನೆಗೆ ಫೋನು ಮಾಡಿದೆ. ಹಿಂದಿನ ಸಂಜೆ ಹಾಸನದಿಂದ ಹಿಂತಿರುಗುವಾಗ ಶಾಂತಿಗ್ರಾಮದ ಹತ್ತಿರ ಬಸ್ಸು ಕೆಟ್ಟು ನಿಂತಿತಂತೆ. ಈಗಲೇ ಹೊರಟೆ ಎಂದರು. ಹತ್ತೂವರೆಗೆ ಅವರದ್ದೂ ಬಂತು, ಆದರೆ ತೆರೆದರೆ ಪುಟದ ತುಂಬ ಚೌಕ, ಚುಕ್ಕೆ, ಕೊಕ್ಕೆ. ಅವರ ಕಂಪ್ಯೂಟರಿನ ಕನ್ನಡ ಅಕ್ಷರ ಅರಕಲಗೂಡಿನ ಕಂಪ್ಯೂಟರಿನಲ್ಲಿ ಇರಲಿಲ್ಲ. ಮತ್ತೆ ಬೂತಿಗೆ ನಡೆದು, ಅವರ ಸೆಂಟರಿಗೇ ಫೋನು ಮಾಡಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆದು ಕಳಿಸಲು ಹೇಳಿದೆ. ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತುವವರು. ನಾವು ಇಡ್ಲಿ ತಿಂದು ಬಂದೆವು.

ಇಡ್ಲಿ ತಿನ್ನುವಾಗಲೇ ಅಧ್ಯಕ್ಷೆಗೆ ಗೊತ್ತಾದದ್ದು, ಆ ಕಾಗದಗಳಲ್ಲಿ ಬರೆದವರ ಹೆಸರು ಇರುವುದಿಲ್ಲವೆಂದು. ನಾನು ಮೊದಲೇ ಹೇಳಿದ್ದೆ. ಅವರು ಆಗ ಮನಸ್ಸಿಗೆ ತಂದುಕೊಂಡಿರಲಿಲ್ಲ. ಕೈಯಲ್ಲಿದ್ದ ತುತ್ತನ್ನು ಹಾಗೇ ತಟ್ಟೆಗಿಟ್ಟರು.

“ಎಸ್ರಿಲ್ದ ಕಾಗ್ದ ನಂಗ್ ಬ್ಯಾಡ ಸಾ.”

ಯಾಕೆಂದು ಕೇಳುವ ಅಗತ್ಯವಿರಲಿಲ್ಲ. ಸಹಿಯಿಲ್ಲದ ದೂರಿಗೆ ನಮ್ಮಲ್ಲಿ ಮೂಕರ್ಜಿ ಎನ್ನುತ್ತಾರೆ. ಅಧ್ಯಕ್ಷೆಯಾದ ವರ್ಷದಿಂದ ಅವರ ಮೇಲೆ ತಾಲೂಕು ಕಚೇರಿಗೆ ಮೂಕರ್ಜಿ ಹೋಗುತ್ತಲೇ ಇದ್ದವು. ಬೀದಿದೀಪದಲ್ಲಿ ತಿಂದಳು, ಸಭೆಯಲ್ಲಿ ಕುರ್ಚಿ ಬಿಟ್ಟು ಏಳಲಿಲ್ಲ, ಗಂಡನ ತಮ್ಮನಿಗೆ ಕೆಲಸ ಕೊಡಿಸಿದಳು. ವಿಚಾರಣೆಗೆ ಬಂದ ಅಧಿಕಾರಿಗಳು ಏನೂ ಸಿಗದೆ ಹಿಂತಿರುಗಿದ್ದರು. ಆದರೆ ಪ್ರತಿ ಸಲವೂ ಇವರು ಕಾಗದಪತ್ರ ಹಿಡಿದು ಬಾಗಿಲಲ್ಲಿ ನಿಂತದ್ದಂತೂ ನಿಜ.

“ಅವ್ರು ಮಾಡಿದ್ನೇ ನಾನೂ ಮಾಡ್ದಂಗಾಯ್ತದೆ. ನಿಮ್ಗೆ ಗೊತ್ತಾಗಕಿಲ್ಲ ಸಾ, ಅದ್ರ ಉರಿ.”

ಬರೆದವರನ್ನು ನಾನು ಬಲ್ಲೆ ಎಂದೆ. ಪರೀಕ್ಷೆಯ ಪತ್ರಿಕೆ ತಿದ್ದುವವರ ಹೆಸರನ್ನು ಯಾರೂ ಕೇಳುವುದಿಲ್ಲ ಎಂದೆ. ಮೂಕರ್ಜಿ ಆಪಾದನೆ ಮಾಡುತ್ತದೆ, ಇವು ಬರೀ ಕೇಳುತ್ತವೆ ಎಂದೂ ಹೇಳಿದೆ. ಅವರು ಯಾವುದಕ್ಕೂ ತಲೆಯಾಡಿಸಲಿಲ್ಲ. ಕೈ ತೊಳೆದುಕೊಂಡು ಬಂದು, “ಮದ್ಲು ಅವು ಏನ್ ಕೇಳ್ತವೆ, ಓದಿ ನೋಡಾನ,” ಎಂದಷ್ಟೇ ಹೇಳಿದರು.

ಹನ್ನೆರಡರ ಹೊತ್ತಿಗೆ ಚನ್ನರಾಯಪಟ್ಟಣದ್ದು ಓದಲು ಬರುವಂತೆ ಬಂತು. ಅವರು ಭೂಗೋಳದವರು. ಅಂಕ ಕೊಟ್ಟಿರಲಿಲ್ಲ, ನೆಮ್ಮದಿಯಾಯಿತು. ಮೂರನ್ನೂ ನಾನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಂಡೆ. ಹೊಳೆನರಸೀಪುರದ ಕಡಿತಗಳನ್ನೆಲ್ಲ ಪ್ರಶ್ನೆಯಾಗಿ ತಿರುಗಿಸಿದೆ. ಅಂಕವನ್ನು ಬಿಟ್ಟೆ. ಅಧ್ಯಕ್ಷೆ ಪಕ್ಕದಲ್ಲಿ ಕುಳಿತು ಒಂದೊಂದನ್ನೂ ತುಟಿ ಅಲುಗಿಸಿ ಓದಿದರು. ಕೊಣನೂರಿನ ಬಸ್ಸಿನಲ್ಲಿ ಕಿಟಕಿಯಾಚೆಗೇ ನೋಡುತ್ತಿದ್ದರು. ಇಳಿಯುವಾಗ ಮಾತ್ರ, “ಪ್ರಶ್ನೆ ನೀವು ಓದಿ ಸಾ. ಮಿಕ್ಕಿದ್ದು ನಾನ್ ನೋಡ್ಕತೀನಿ,” ಎಂದರು.

ಸಭೆ ಶಾಲೆಯ ಜಗಲಿಯಲ್ಲಿ. ಗಂಡಸರು ಜಗಲಿಯ ಮೇಲೆ, ಹೆಂಗಸರು ಅಂಗಳದ ಹೊಂಗೆಮರದ ಕೆಳಗೆ. ವರದಿ ಬರೆದಿದ್ದ ಹಾಸನದ ಅಧ್ಯಾಪಕಿ ಆಗಲೇ ಬಂದಿದ್ದರು. ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಪಂಚಾಯಿತಿಯವರು ಕಳಿಸಿದ ನೀರನ್ನು ಕಾಲೇಜಿನಲ್ಲಿ ಪರೀಕ್ಷಿಸಿ ಬರೆದುಕೊಟ್ಟಿದ್ದರು, ಅಷ್ಟೇ. ಬನ್ನಿ ಎಂದು ಕರೆದಾಗ ಇಲ್ಲವೆನ್ನದೆ ಬಂದದ್ದು ಅವರ ದೊಡ್ಡತನ.

ಟ್ರ್ಯಾಕ್ಟರಿನ ಯಜಮಾನರು ಮುಂದಿನ ಸಾಲಿನಲ್ಲಿದ್ದರು. ಹಿಂದಿನ ಅವಧಿಯ ಅಧ್ಯಕ್ಷರು ಅವರೇ. ಊರಿಗೆಲ್ಲ ಗೌಡ್ರು. ತಂಗುದಾಣದ ಆಸೆ ಅವರದ್ದು. ಬಿಸಿಲಲ್ಲಿ ನಿಂತು ಬಸ್ಸು ಕಾಯುವ ಮುದುಕರನ್ನು ತೋರಿಸಿ ಅವರು ಮಾತಾಡುವಾಗ ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಕಾಗದ ತೆಗೆದು, ಹೆಸರಿಲ್ಲದ ಮೂವರು ವಿದ್ವಾಂಸರು ಎಂದು ಶುರುಮಾಡಿದ್ದೇ ತಡ, ಅವರು ಎದ್ದರು.

“ಎಸ್ರು ಯಾಕಿಲ್ಲ ಮೇಷ್ಟ್ರೇ? ಎಸ್ರಿಲ್ದಿದ್ರೆ ಇದು ಮೂಕರ್ಜಿ ಕಣ್ರೀ.”

ಜಗಲಿಯ ಮೇಲೆಲ್ಲ ಗುಜುಗುಜು. ನಾನು ನನ್ನ ಹಳೆಯ ಉದಾಹರಣೆಯನ್ನೇ ತೆಗೆದೆ. “ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವವರ ಹೆಸರು ನಿಮಗೆ ಗೊತ್ತೇ ಗೌಡರೇ?”

“ಗೊತ್ತಿದ್ದಿದ್ರೆ ನಮ್ ಮೊಮ್ಮಗ ಮೂರ್ ಸಲ ಡುಮ್ಕಿ ಒಡೀತಿದ್ನಾ?” ಎಂದರು. ಎಲ್ಲರೂ ನಕ್ಕರು. ನನ್ನ ಉದಾಹರಣೆ ಅಲ್ಲಿಗೆ ಮುಗಿಯಿತು.

ಅಧ್ಯಕ್ಷೆ ಎದ್ದು ನಿಂತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಗೌಡ್ರೇ, ಮೂಕರ್ಜಿ ಅಂದ್ರೇನು ಅಂತ ಈ ಊರಾಗೆ ನಂಗಿಂತ ಚೆಂದಾಗಿ ಯಾರ್ಗೂ ಗೊತ್ತಿಲ್ಲ. ಬರ್ಸ್ದೋರ್ಗೆ ಗೊತ್ತಿರ್ಬೋದು.” ಹೊಂಗೆಮರದ ಕಡೆಯಿಂದ ಒಂದು ನಗು ಬಂತು. “ಅದು ಕದ್ದು ಮೇಲಿನೋರ್ಗೆ ಓಯ್ತದೆ. ಇದ್ನ ನಿಮ್ಮೆದ್ರಿಗೇ ಓದ್ತಾರೆ. ಅದು ನನ್ ಕಳ್ಳಿ ಅಂತದೆ. ಇದು ನೀರ್ ಎಲ್ಲಿಂದ ತಂದ್ರಿ ಅಂತ ಕೇಳ್ತದೆ. ಕೇಳೋರ್ದು ಎಸ್ರು ಬ್ಯಾಡ ಬುಡಿ. ಉತ್ರ ಯೋಳೋರು ಮಾತ್ರ ಎದ್ ನಿಂತು, ಎಸ್ರು ಯೋಳಿ, ಆಮೇಲೆ ಉತ್ರ ಯೋಳ್ಬೇಕು. ನಾನಾದ್ರೂ ಅಷ್ಟೇ, ನೀವಾದ್ರೂ ಅಷ್ಟೇ. ಒಪ್ಗೆನಾ?”

ಗೌಡರು ಸುತ್ತ ನೋಡಿದರು. “ಅದ್ರಲ್ಲೇನು, ಎಸ್ರು ಯೋಳಕ್ಕೆ ನಂಗೇನ್ ಅಂಜ್ಕೆ,” ಎಂದು ಕುಳಿತರು.

ಬೆಳಗಿನಿಂದ ನನಗೆ ಹೊಳೆಯದೇ ಇದ್ದ ನಿಯಮ ಅದು. ಆಮೇಲೆ ನಮ್ಮ ಪ್ರತಿ ಸಭೆಯಲ್ಲೂ ಅದನ್ನೇ ಇಟ್ಟುಕೊಂಡೆವು.

ನಾನು ಒಂದೊಂದೇ ಪ್ರಶ್ನೆ ಓದಿದೆ. ಎಷ್ಟು ಮಾದರಿ ಪರೀಕ್ಷೆಯಾಯಿತು? ಅಧ್ಯಾಪಕಿ ಎದ್ದು, ಹೆಸರು ಹೇಳಿ, “ಒಂದೇ ಬಾಟಲಿ ಬಂದಿತ್ತು,” ಎಂದರು. ಧ್ವನಿ ಸಣ್ಣಗಿತ್ತು, ನಡುಗಲಿಲ್ಲ. ಯಾವ ಕಾಲದಲ್ಲಿ? ಮಳೆ ಹಿಡಿದ ವಾರದಲ್ಲಿ. ಊರಿನ ಬೇರೆ ನೀರಿನೊಂದಿಗೆ, ದೊಡ್ಡ ಬೀದಿಯ ನಲ್ಲಿಯ ನೀರಿನೊಂದಿಗೆ, ಹೋಲಿಸಿ ನೋಡಲಾಯಿತೇ? ಇಲ್ಲ, ಅದನ್ನು ಯಾರೂ ಕೊಡಲಿಲ್ಲ. ನಲ್ಲಿಯ ಮಾತು ಬಂದಾಗ ಗಂಡಸರಲ್ಲೂ ಕೆಲವರು ನೆಟ್ಟಗೆ ಕುಳಿತರು.

ಮುಂದಿನದು ಚನ್ನರಾಯಪಟ್ಟಣದವರ ಪ್ರಶ್ನೆ: ಮಾದರಿಯನ್ನು ತೆಗೆದವರು ಯಾರು, ಬಾವಿಯ ಯಾವ ಭಾಗದಿಂದ, ಹೇಗೆ?

ಅಧ್ಯಾಪಕಿ ತಮಗೆ ತಿಳಿಯದು, ಬಾಟಲಿ ತುಂಬಿ ಬಂದಿತ್ತು ಎಂದರು. ಪಂಚಾಯಿತಿ ಕಾರ್ಯದರ್ಶಿ ನೆಲ ನೋಡಿದರು. ಅಷ್ಟರಲ್ಲಿ ಗೌಡರೇ ಎದ್ದರು. ಒಪ್ಪಿದ ಮಾತಿಗೆ ತಪ್ಪದೆ ತಮ್ಮ ಹೆಸರು, ತಂದೆಯ ಹೆಸರು, ಎರಡನ್ನೂ ಗಟ್ಟಿಯಾಗಿ ಹೇಳಿದರು.

“ನಾನೇ ತುಂಬ್ಸಿದ್ದು. ಅದ್ರಲ್ಲಿ ಮುಚ್ಚುಮರೆ ಏನು? ಬಾವಿತಾವ ಓದೆ. ಅಗ್ಗ ಇರ್ನಿಲ್ಲ, ಬಿಂದ್ಗೆ ಇರ್ನಿಲ್ಲ. ಪಕ್ದಲ್ಲೇ ತೊಟ್ಟಿ ಅದಲ್ಲ, ಅದ್ರಲ್ ಮುಳುಗ್ಸಿ ತುಂಬ್ಕಂಡೆ. ಅದೂ ಬಾವಿ ನೀರೇ ಅಲ್ವಾ?”

ಹೊಂಗೆಮರದ ಕೆಳಗಿನಿಂದ ಒಬ್ಬ ಹೆಂಗಸು, “ಅದು ದನ ಕುಡ್ಯೋ ತೊಟ್ಟಿ ಕಣ್ ಗೌಡ್ರೇ,” ಎಂದಳು. ಇನ್ನೊಬ್ಬಳು, “ಕುಡ್ಯಾದೊಂದೇ ಅಲ್ಲ,” ಎಂದಳು. ಆಮೇಲೆ ಬಂದ ನಗುವಿನಲ್ಲಿ ಜಗಲಿಯೂ ಅಂಗಳವೂ ಒಂದಾದವು. ಗೌಡರು ಮೊದಲು ಮುಖ ಕೆಂಪು ಮಾಡಿಕೊಂಡರು. ಆಮೇಲೆ ತಡೆಯಲಾರದೆ ತಾವೂ ಹೆಗಲ ಟವೆಲಿನಿಂದ ಬಾಯಿ ಮುಚ್ಚಿಕೊಂಡರು.

ನಗು ಇಳಿದ ಮೇಲೆ ಹೆಂಗಸರ ನಡುವಿನಿಂದ ಒಬ್ಬ ಮುದುಕಿ ನಿಧಾನವಾಗಿ ಎದ್ದರು. ಅಧ್ಯಕ್ಷೆಯ ತಾಯಿ. ನಿಯಮದಂತೆ ಹೆಸರು ಹೇಳಿದರು.

“ಬಾವಿ ಎದ್ರುಗಡೆ ಮನೇನೇ ನಮ್ದು. ಕೇಳಿದ್ರೆ ಅಗ್ಗ ಕೊಡ್ತಿರ್ನಿಲ್ವಾ ನಾನು?”

ಅವರು ಕೂಗಿ ಹೇಳಲಿಲ್ಲ, ಕೊಂಕೂ ಇರಲಿಲ್ಲ. ಆ ಮನೆಯ ಬಾಗಿಲಲ್ಲಿ ನಿಂತು ಹಗ್ಗ ಕೇಳಲು ಗೌಡರಿಗೆ ಮನಸ್ಸು ಬಂದಿರಲಿಲ್ಲ. ಯಾಕೆ ಬಂದಿರಲಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಅದು ನಮ್ಮ ಮೂವರ ಪ್ರಶ್ನೆಗಳಲ್ಲಿ ಇರಲಿಲ್ಲ. ನಾನೂ ಕೇಳಲಿಲ್ಲ. ಗೌಡರು ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, “ಕೇಳ್ಬೇಕಾಗಿತ್ತು ಬುಡವ್ವ,” ಎಂದು ಕುಳಿತರು.

ಅಲ್ಲಿಂದ ಮುಂದೆ ಸಭೆ ಬೇಗ ಸಾಗಿತು. ಕಾರ್ಯದರ್ಶಿ ನಿರ್ಣಯ ಬರೆದರು. ಬಾವಿಯನ್ನು ಈಗ ಮುಚ್ಚುವಂತಿಲ್ಲ. ಬಾವಿಯಿಂದ ಹಗ್ಗ ಇಳಿಸಿ ತೆಗೆದ ನೀರು, ದೊಡ್ಡ ಬೀದಿಯ ನಲ್ಲಿಯ ನೀರು, ಎರಡನ್ನೂ ಒಟ್ಟಿಗೆ ಪರೀಕ್ಷೆಗೆ ಕಳಿಸುವುದು. ಬೇಸಿಗೆಯಲ್ಲಿ ಮತ್ತೊಮ್ಮೆ ಕಳಿಸುವುದು. ಅಲ್ಲಿಯವರೆಗೆ ಬಾವಿಯ ನೀರನ್ನು ಕಾಯಿಸಿ ಕುಡಿಯುವುದು ಎಂದು ಯಾರೋ ಸೇರಿಸಿದರು. ನೈಟ್ರೇಟ್ ಕಾಯಿಸಿದರೆ ಹೋಗುವುದಿಲ್ಲ ಎಂದು ಅಧ್ಯಾಪಕಿ ತಕ್ಷಣ ತಿದ್ದಿದರು. ಫಲಿತಾಂಶ ಬರುವವರೆಗೆ ಕೈಗೂಸುಗಳಿಗೆ ಮಾತ್ರ ಬಾವಿಯ ನೀರು ಬೇಡ, ಅದಕ್ಕೆ ಬೇರೆ ನೀರನ್ನು ಪಂಚಾಯಿತಿಯೇ ಕೇರಿಗೆ ತಂದುಕೊಡಲಿ ಎಂದರು. ಅದನ್ನೂ ಬರೆದುಕೊಂಡರು. ಕೈ ಎತ್ತಿ ಎಂದಾಗ ಗೌಡರ ಕೈಯೂ ಮೇಲೆ ಹೋಯಿತು.

“ಮಣ್ ಏನ್ಮಾಡಾದು? ಸುರ್ದಿದ್ನ ತಿರ್ಗಾ ತುಂಬ್ಕಂಡ್ ಓಗಾದಾ?” ಎಂದು ಅವರು ಕೇಳಿದರು.

“ಸ್ಕೂಲ್ ದಾರಿ ಗುಂಡಿಗ್ ಸುರ್ಸಿ ಗೌಡ್ರೇ,” ಎಂದರು ಅಧ್ಯಕ್ಷೆ. “ನಿಮ್ ಟ್ಯಾಕ್ಟ್ರೇ ದಿನಾ ಅಲ್ಲಿ ಕುಪ್ಳಿಸ್ತದೆ.”

ಸಭೆ ಮುಗಿದ ಮೇಲೆ ಅಧ್ಯಾಪಕಿ ನನ್ನ ಹತ್ತಿರ ಬಂದು ಮೆಲ್ಲಗೆ, “ಸರ್, ಆ ಹೊಳೆನರಸೀಪುರದವರು ಅಂಕ ಕೊಟ್ಟಿದ್ದರಂತೆ. ಎಷ್ಟು?” ಎಂದರು. ಆ ಗುಟ್ಟು ಅಧ್ಯಕ್ಷೆಯಿಂದ ಹೊರಬಿದ್ದಿರಬೇಕು. ನಾನು ನಿಜ ಹೇಳಿದೆ.

“ಜೀವನದಲ್ಲಿ ಇದೇ ಮೊದಲು ಸರ್, ಮೂವತ್ತನಾಲ್ಕು,” ಎಂದು ಅವರು ನಕ್ಕರು. “ನಾನಾಗಿದ್ದರೆ ಮೂವತ್ತು ಕೊಡುತ್ತಿದ್ದೆ. ಮಾದರಿ ತೆಗೆಯಲು ನಾನೇ ಬರಬೇಕಾಗಿತ್ತು.” ಅವರು ಚೀಲದಲ್ಲಿ ತೊಳೆದು ಒಣಗಿಸಿದ ಖಾಲಿ ಬಾಟಲಿಗಳನ್ನು ತಂದೇ ಇದ್ದರು.

ನಾವೆಲ್ಲ ಬಾವಿಯ ಹತ್ತಿರ ಹೋದೆವು. ಮುದುಕಿ ಒಳಗಿಂದ ಹಗ್ಗ ತಂದರು. ತೆರೆದ ಬಾಗಿಲಿನಿಂದ ನಡುಮನೆಯ ಗೋಡೆಯ ಬುದ್ಧನ ಪಟ ಕಾಣುತ್ತಿತ್ತು. ಹಗ್ಗವನ್ನು ಅವರು ಯಾರ ಕೈಗೆ ಕೊಡುತ್ತಾರೋ ಎಂದು ನಾನು ನೋಡುತ್ತಿದ್ದೆ. ಗೌಡರೇ ಮುಂದೆ ಬಂದು ಕೈ ಚಾಚಿದರು. ಬಿಂದಿಗೆ ಇಳಿಯಿತು, ತಳದಲ್ಲಿ ಡುಬುಕ್ಕೆಂದಿತು. ಅಧ್ಯಾಪಕಿ ಬಾಟಲಿಯನ್ನು ಅದೇ ನೀರಿನಲ್ಲಿ ಜಾಲಿಸಿ, ತುಂಬಿ, ಚೀಟಿ ಅಂಟಿಸಿದರು. ಮಿಕ್ಕ ನೀರನ್ನು ಮುದುಕಿ ತಮ್ಮ ತುಳಸಿಗೆ ಹಾಕಿಕೊಂಡರು. ಹಿಂತಿರುಗುವಾಗ ಅಧ್ಯಾಪಕಿ ದೊಡ್ಡ ಬೀದಿಯ ನಲ್ಲಿಯಿಂದಲೂ ಒಂದು ಬಾಟಲಿ ತುಂಬಿಕೊಂಡರು. ಆ ಬಾಟಲಿಗಳಿಂದಲೂ ಮುಂದಿನ ಬೇಸಿಗೆಯವುಗಳಿಂದಲೂ ತಿಳಿದದ್ದು ಇಷ್ಟು: ಬಾವಿಯ ನೀರಿಗೂ ನಲ್ಲಿಯ ನೀರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ, ಎರಡೂ ಕುಡಿಯಬಹುದಾದವೇ. ತೊಟ್ಟಿಯನ್ನು ದೂರಕ್ಕೆ ಸರಿಸಿದರು, ಕಟ್ಟೆ ಎತ್ತರಿಸಿದರು. ತಂಗುದಾಣಕ್ಕೆ ಬೇರೆ ಜಾಗ ಸಿಕ್ಕಿತು.

ನಾವು ಹೊರಡುವಾಗ ಅಧ್ಯಕ್ಷೆ ಬಸ್ಸಿನವರೆಗೆ ಬಂದರು. ಬೆಳಿಗ್ಗೆ ಹೋಟೆಲಿನಲ್ಲಿ ಬಿಟ್ಟ ಇಡ್ಲಿಯ ನೆನಪು ಆಗ ಬಂತೋ ಏನೋ, “ಒಟ್ಟೆ ಅಸೀತಾ ಅದೆ ಸಾ ಈಗ,” ಎಂದರು. ಆ ದಿನ ಅವರು ಹೇಳಿದ ನೆಮ್ಮದಿಯ ಮಾತು ಅದೊಂದೇ. ನನಗೆ ಅಷ್ಟು ಸಾಕಾಯಿತು.

ಅರಕಲಗೂಡಿನಲ್ಲಿ ಅಧ್ಯಾಪಕಿ ಬಾಟಲಿಗಳನ್ನು ಮಡಿಲಲ್ಲಿಟ್ಟುಕೊಂಡು ಹಾಸನದ ಬಸ್ಸಿನಲ್ಲಿ ಕುಳಿತರು. ಮುಂದಿನ ಬಸ್ಸಿಗೆ ಬರುವೆನೆಂದು ಹೇಳಿ ನಾನು ಬ್ರೌಸಿಂಗ್ ಸೆಂಟರಿಗೆ ನಡೆದೆ. ಸೆಂಟರಿನ ಹೆಂಗಸು ಬಾಗಿಲು ಅರ್ಧ ಎಳೆದಿದ್ದರು. ನನ್ನನ್ನು ಕಂಡು, “ಪಾಸಾ ಸಾರ್?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಾಗಿಲು ಮೇಲೆತ್ತಿದರು. ಲೈನು ಮೊದಲ ಸಲಕ್ಕೇ ಸಿಕ್ಕಿತು. ಮೂವರಿಗೂ ಒಂದೇ ಕಾಗದ ಹೊಡೆದೆ, ಇಂಗ್ಲಿಷ್ ಅಕ್ಷರದಲ್ಲಿ: “ಪರಿಶೀಲನೆಗಳು ಸಭೆಗೆ ಮುಂಚೆ ತಲುಪಿದವು. ಬಾವಿ ಉಳಿದಿದೆ. ಹೊಸ ಮಾದರಿ ಹಾಸನಕ್ಕೆ ಹೊರಟಿದೆ. ಮುಂದಿನ ಸಲ ದಯವಿಟ್ಟು ಅಂಕ ಕೊಡಬೇಡಿ.” ಓದಿ ನೋಡಿ, ಒಂದು ತಪ್ಪು ತಿದ್ದಿ, ಕಳಿಸಿದೆ.